ಕಾರ್ಮಿಕನನ್ನು ವಜಾ ಮಾಡುವ ಮುನ್ನ: ಆಂತರಿಕ ವಿಚಾರಣೆಯ ಕ್ರಮ ಮತ್ತು ಮಾಲೀಕರ ಹೊಣೆ

ಕಾರ್ಖಾನೆಯಾಗಲಿ ಅಂಗಡಿಯಾಗಲಿ, ದುಡಿಮೆಯ ಸ್ಥಳದಲ್ಲಿ ಶಿಸ್ತು ಕಾಪಾಡುವ ಅಧಿಕಾರ ಮಾಲೀಕನಿಗೆ ಸೇರಿದ್ದು. ಕಳ್ಳತನ, ಹೊಡೆದಾಟ, ಕೆಲಸದ ವೇಳೆಯಲ್ಲಿ ಮದ್ಯಪಾನ, ಅನುಮತಿಯಿಲ್ಲದ ದೀರ್ಘ ಗೈರುಹಾಜರಿ ಮುಂತಾದ ದುರ್ನಡತೆಗಳಿಗಾಗಿ ಕಾರ್ಮಿಕನನ್ನು ಶಿಕ್ಷಿಸುವ ಹಕ್ಕನ್ನು ಯಾವ ಶಾಸನವೂ ಕಸಿದುಕೊಂಡಿಲ್ಲ. ಆದರೆ ಆ ಹಕ್ಕನ್ನು ಚಲಾಯಿಸಲು ಒಂದು ಕ್ರಮವಿದೆ. ಆಪಾದನೆ ಏನೆಂದು ಕಾರ್ಮಿಕನಿಗೆ ತಿಳಿಸಬೇಕು, ಅವನ ಮಾತನ್ನು ಕೇಳಬೇಕು, ಸಾಕ್ಷ್ಯವನ್ನು ತೂಗಬೇಕು, ಅನಂತರವೇ ಶಿಕ್ಷೆ ವಿಧಿಸಬೇಕು. ಈ ಕ್ರಮಕ್ಕೆ ಆಂತರಿಕ ವಿಚಾರಣೆಯೆಂದು ಹೆಸರು.

ಸಣ್ಣ ಉದ್ದಿಮೆದಾರರಲ್ಲಿ ಅನೇಕರು ಇದನ್ನು ದೊಡ್ಡ ಕಂಪೆನಿಗಳ ಆಡಂಬರವೆಂದು ಭಾವಿಸುತ್ತಾರೆ. ‘ಕಣ್ಣಾರೆ ಕಂಡ ತಪ್ಪಿಗೆ ವಿಚಾರಣೆಯೇಕೆ? ನಾಳೆಯಿಂದ ಬರಬೇಡ ಎಂದರಾಯಿತು’ ಎಂಬ ಮಾತು ವ್ಯಾಪಾರ ವಲಯದಲ್ಲಿ ಸಾಮಾನ್ಯ. ನ್ಯಾಯಾಲಯಗಳಲ್ಲಿ ಮಾಲೀಕರು ಸೋಲುವುದಕ್ಕೆ ಈ ಮನೋಭಾವ ಒಂದು ಮುಖ್ಯ ಕಾರಣ. ತಪ್ಪು ನಿಜವಾಗಿಯೇ ನಡೆದಿದ್ದರೂ, ವಿಚಾರಣೆ ನಡೆಯದ ಅಥವಾ ನೆಪಮಾತ್ರಕ್ಕೆ ನಡೆದ ಕಾರಣದಿಂದ ವಜಾ ಆದೇಶ ಬಿದ್ದುಹೋಗಬಹುದು. ಅದೇ ರೀತಿ, ತಪ್ಪು ಮಾಡದ ಕಾರ್ಮಿಕನು ಒಂದು ದಿನದ ಸಿಟ್ಟಿಗೆ ಬಲಿಯಾಗಿ ಜೀವನಾಧಾರವನ್ನೇ ಕಳೆದುಕೊಳ್ಳಬಹುದು. ಈ ಎರಡೂ ಅನಾಹುತಗಳನ್ನು ತಡೆಯುವ ಸಾಧನ ವಿಚಾರಣೆಯೊಂದೇ. ಆದುದರಿಂದ ಅದರ ಸ್ವರೂಪವನ್ನು ಪ್ರತಿಯೊಬ್ಬ ಉದ್ಯಮಿಯೂ ತಿಳಿದಿರುವುದು ಅವಶ್ಯ.

ಹೊಸ ಸಂಹಿತೆ, ಹಳೆಯ ತತ್ವ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶಾದ್ಯಂತ ಜಾರಿಗೆ ಬಂದವು. 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ ಮತ್ತು 1947ರ ಕೈಗಾರಿಕಾ ವಿವಾದಗಳ ಕಾಯ್ದೆಗಳ ಸ್ಥಾನವನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಪಡೆದುಕೊಂಡಿತು. ಕೆಲಸದ ನಿಯಮಗಳನ್ನೂ ದುರ್ನಡತೆಯ ಪಟ್ಟಿಯನ್ನೂ ಒಳಗೊಂಡ ಸ್ಥಾಯಿ ಆದೇಶಗಳ ಅಧ್ಯಾಯವು ಈ ಸಂಹಿತೆಯಲ್ಲಿ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಗಳಿಗೆ ಅನ್ವಯಿಸುತ್ತದೆ.

ಇದನ್ನು ಓದಿದ ಸಣ್ಣ ಉದ್ಯಮಿಯು ‘ನಮ್ಮಲ್ಲಿರುವವರು 40 ಮಂದಿ, ಆದ್ದರಿಂದ ವಿಚಾರಣೆಯ ಗೊಡವೆ ನಮಗಿಲ್ಲ’ ಎಂದು ತೀರ್ಮಾನಿಸಿದರೆ ಅದು ತಪ್ಪಾಗುತ್ತದೆ. ವಿಚಾರಣೆಯ ಮೂಲವಿರುವುದು ಸಹಜ ನ್ಯಾಯದ ತತ್ವದಲ್ಲಿ. ಸ್ಥಾಯಿ ಆದೇಶಗಳು ಆ ತತ್ವಕ್ಕೆ ಬರಹದ ರೂಪ ಕೊಡುತ್ತವೆ, ಅಷ್ಟೆ. ಒಬ್ಬನೇ ಕಾರ್ಮಿಕನ ವಜಾ ಕೂಡ ಕೈಗಾರಿಕಾ ವಿವಾದವೆಂದು ಪರಿಗಣಿತವಾಗುತ್ತದೆ. ಅದನ್ನು ಎತ್ತಲು ಸಂಘದ ಬೆಂಬಲ ಬೇಕಿಲ್ಲ. ಆಂತರಿಕ ವಿಚಾರಣೆಯಲ್ಲಿ ಸಹಜ ನ್ಯಾಯವನ್ನು ಸಂಪೂರ್ಣವಾಗಿ ಕಡೆಗಣಿಸಿ ಅಥವಾ ಅನುಚಿತ ಆತುರದಿಂದ ಕಾರ್ಮಿಕನನ್ನು ತೆಗೆಯುವುದನ್ನು ಹಳೆಯ ಕಾಯ್ದೆಯಂತೆ ಹೊಸ ಸಂಹಿತೆಯೂ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ.

ವ್ಯವಸ್ಥಾಪಕ ಅಥವಾ ಆಡಳಿತಾತ್ಮಕ ಹುದ್ದೆಯಲ್ಲಿರುವವರು, ಹಾಗೂ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಸಂಹಿತೆಯ ‘ಕಾರ್ಮಿಕ’ ಎಂಬ ವ್ಯಾಖ್ಯೆಯ ಹೊರಗಿದ್ದಾರೆ. ಆದರೆ ಹುದ್ದೆಯ ಹೆಸರಿಗಿಂತ ಮಾಡುವ ಕೆಲಸದ ಸ್ವರೂಪವೇ ಇಲ್ಲಿ ಮುಖ್ಯ. ಲೇತ್ ಯಂತ್ರದ ಮುಂದೆ ನಿಂತು ದುಡಿಯುವವನಿಗೆ ‘ಸೂಪರ್‌ವೈಸರ್’ ಎಂದು ಹೆಸರಿಟ್ಟ ಮಾತ್ರಕ್ಕೆ ಅವನು ಕಾರ್ಮಿಕನಲ್ಲದೆ ಹೋಗುವುದಿಲ್ಲ.

ವರ್ತಕರು ಗಮನಿಸಬೇಕಾದ ಇನ್ನೊಂದು ಶಾಸನವಿದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೆಯ ಪ್ರಕರಣದಂತೆ, ಸತತ ಆರು ತಿಂಗಳಿಗೆ ಕಡಮೆಯಿಲ್ಲದಂತೆ ದುಡಿದ ನೌಕರನನ್ನು ಯುಕ್ತ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದಾಗಲೂ ಒಂದು ತಿಂಗಳ ನೋಟೀಸನ್ನು ಅಥವಾ ಅದರ ಬದಲಿಗೆ ವೇತನವನ್ನು ಕೊಡಬೇಕು. ನೋಟೀಸಿನಿಂದ ವಿನಾಯಿತಿ ದೊರೆಯುವುದು, ವಿಚಾರಣೆಯಲ್ಲಿ ದಾಖಲಾದ ತೃಪ್ತಿಕರ ಸಾಕ್ಷ್ಯದಿಂದ ದುರ್ನಡತೆ ಸ್ಥಿರಪಟ್ಟಾಗ ಮಾತ್ರ. ಎಂದರೆ ಜವಳಿ ಅಂಗಡಿಯ ಗುಮಾಸ್ತನ ವಿಷಯದಲ್ಲಿಯೂ ವಿಚಾರಣೆ ಎಂಬ ಮಾತು ಶಾಸನದಲ್ಲೇ ಇದೆ.

ಎರಡು ತೀರ್ಪುಗಳ ಪಾಠ

ವಿಚಾರಣೆಯನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಉತ್ತಮ ನಿದರ್ಶನಗಳಾಗಿವೆ.

ಮೊದಲನೆಯದು ಜೆ.ಎಂ.ಎ. ಇಂಡಸ್ಟ್ರೀಸ್ ಪ್ರಕರಣ. 1980ರ ಡಿಸೆಂಬರ್‌ನಲ್ಲಿ ಈ ಸಂಸ್ಥೆಯು ತನ್ನ ಕಾರ್ಮಿಕನೊಬ್ಬನಿಗೆ ಪತ್ರ ಬರೆದು, ಎಂಟು ದಿನಗಳಿಗಿಂತ ಹೆಚ್ಚು ಕಾಲ ರಜೆಯಿಲ್ಲದೆ ಗೈರುಹಾಜರಾದುದರಿಂದ ಸ್ಥಾಯಿ ಆದೇಶದ ಪ್ರಕಾರ ಅವನು ಕೆಲಸ ಬಿಟ್ಟಂತಾಯಿತೆಂದು ತಿಳಿಸಿತು. ತಾನು ಪ್ರತಿದಿನ ಬರುತ್ತಿದ್ದರೂ ಗೇಟಿನಲ್ಲಿಯೇ ತಡೆದರೆಂಬುದು ಕಾರ್ಮಿಕನ ವಾದವಾಗಿತ್ತು. ಯಾರ ಮಾತು ನಿಜವೆಂದು ತಿಳಿಯಲು ಯಾವ ವಿಚಾರಣೆಯೂ ನಡೆದಿರಲಿಲ್ಲ. ಜೀವನೋಪಾಯವು ಸಂವಿಧಾನದ 21ನೆಯ ವಿಧಿಯು ರಕ್ಷಿಸುವ ಜೀವಿಸುವ ಹಕ್ಕಿನ ಅಂಗವೆಂದೂ, ನಿಯಮದಲ್ಲಿ ‘ತಾನಾಗಿ ಕೆಲಸ ಹೋಗುತ್ತದೆ’ ಎಂದು ಬರೆದಿದ್ದರೂ ವಿಚಾರಣೆಯಿಲ್ಲದೆ ತೆಗೆಯುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದೂ ನ್ಯಾಯಾಲಯ 1993ರಲ್ಲಿ ತೀರ್ಪಿತ್ತಿತು. ಕಾರ್ಮಿಕನು ಶೇಕಡಾ 50ರಷ್ಟು ಬಾಕಿ ವೇತನದೊಡನೆ ಮರಳಿ ಕೆಲಸ ಪಡೆದನು. ಅಷ್ಟು ಹೊತ್ತಿಗೆ 12 ವರ್ಷಗಳು ಕಳೆದಿದ್ದವು.

ಎರಡನೆಯದು ನಮ್ಮ ನಾಡಿನದೇ. ಕೋಲಾರ ಚಿನ್ನದ ಗಣಿಯನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ 1985ರಲ್ಲಿ ಪೊಲೀಸರು ಶೋಧನೆ ನಡೆಸಿ, ಚಿನ್ನ ಮತ್ತು ಚಿನ್ನಮಿಶ್ರಿತ ಮರಳು ದೊರೆತವೆಂದು ಮೊಕದ್ದಮೆ ಹೂಡಿದರು. ಸಂಸ್ಥೆ ಅವರನ್ನು ಅಮಾನತಿನಲ್ಲಿಟ್ಟು ವಿಚಾರಣೆ ಆರಂಭಿಸಿತು. ಅಮಾನತಿನ ಕಾಲದಲ್ಲಿ ಜೀವನಾಧಾರ ಭತ್ಯೆಯನ್ನು ಕೊಡಲಿಲ್ಲ. ಕೇರಳದ ತಮ್ಮ ಊರಿಗೆ ಹೋಗಿದ್ದ ಅವರು ಅನಾರೋಗ್ಯದ ಕಾರಣ ವಿಚಾರಣೆಯನ್ನು ಮುಂದೂಡಲು ಕೋರಿದರೂ ಅದು ಏಕಪಕ್ಷೀಯವಾಗಿ ಮುಗಿಯಿತು. 1986ರಲ್ಲಿ ಅವರು ವಜಾ ಆದರು. 1987ರಲ್ಲಿ ಕ್ರಿಮಿನಲ್ ನ್ಯಾಯಾಲಯವು ಅದೇ ಸಂಗತಿಗಳ ಮೇಲಿನ ಮೊಕದ್ದಮೆಯಲ್ಲಿ ಅವರನ್ನು ಬಿಡುಗಡೆ ಮಾಡಿತು. ಭತ್ಯೆ ಕೊಡದೆ ಹಣವಿಲ್ಲದಂತೆ ಮಾಡಿ, ದೂರದ ಊರಿನಿಂದ ವಿಚಾರಣೆಗೆ ಬರಲಿಲ್ಲವೆಂದು ಶಿಕ್ಷಿಸುವುದು ನ್ಯಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಹೇಳಿ, ಅಮಾನತಿನ ದಿನದಿಂದ ಪೂರ್ಣ ವೇತನ ಬಾಕಿಯೊಡನೆ ಅವರನ್ನು ಪುನಃ ನೇಮಿಸಬೇಕೆಂದು ಆದೇಶಿಸಿತು. ಉಳಿಸಲು ಹೊರಟದ್ದು ಕೆಲವು ತಿಂಗಳ ಅರ್ಧ ವೇತನ. ತೆರಬೇಕಾಗಿ ಬಂದದ್ದು ಸುಮಾರು 14 ವರ್ಷಗಳ ಪೂರ್ಣ ವೇತನ.

ವಿಚಾರಣೆಯ ಹಂತಗಳು

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಪ್ರಸಂಗವನ್ನು ತೆಗೆದುಕೊಳ್ಳಬಹುದು. 40 ಕಾರ್ಮಿಕರ ಒಂದು ಎಂಜಿನಿಯರಿಂಗ್ ಘಟಕದಲ್ಲಿ ಪಾಳಿ ಮುಗಿದು ಹೊರಡುವಾಗ ಕಾರ್ಮಿಕನೊಬ್ಬನ ಊಟದ ಡಬ್ಬಿಯಲ್ಲಿ ಹಿತ್ತಾಳೆಯ ಬಿಡಿಭಾಗಗಳು ಕಾವಲುಗಾರನಿಗೆ ಸಿಕ್ಕವೆಂದು ಭಾವಿಸೋಣ.

1. ಘಟನೆಯ ದಾಖಲೆ. ಅದೇ ದಿನ, ಅದೇ ಸ್ಥಳದಲ್ಲಿ ಮಹಜರು ಬರೆಯಬೇಕು. ಸಮಯ, ದೊರೆತ ವಸ್ತುಗಳ ಸಂಖ್ಯೆ ಮತ್ತು ತೂಕ, ಹಾಜರಿದ್ದವರ ಹೆಸರು, ಅವರ ಸಹಿ ಇರಬೇಕು. ವಸ್ತುಗಳನ್ನು ಕಟ್ಟಿ ಮುದ್ರೆ ಹಾಕಿ ಇಡಬೇಕು. ಈ ಹಂತದಲ್ಲಿ ಕೆಲವು ಮಾಲೀಕರು ಪೊಲೀಸರ ಭಯ ತೋರಿಸಿ ತಪ್ಪೊಪ್ಪಿಗೆಯನ್ನೋ ರಾಜೀನಾಮೆಯನ್ನೋ ಬರೆಸಿಕೊಳ್ಳುತ್ತಾರೆ. ಬಲವಂತದಿಂದ ಪಡೆದ ಕಾಗದವು ಮುಂದೆ ಮಾಲೀಕನ ವಿರುದ್ಧವೇ ಸಾಕ್ಷ್ಯವಾಗುವ ಸಂಭವ ಹೆಚ್ಚು.

2. ಆರೋಪಪತ್ರ. ‘ನಿನ್ನ ನಡತೆ ಸರಿಯಿಲ್ಲ, ಕಾರಣ ಕೊಡು’ ಎಂಬ ನೋಟೀಸು ಆರೋಪಪತ್ರವಾಗಲಾರದು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾವ ವಸ್ತು, ಎಷ್ಟು ಎಂಬ ವಿವರವಿರಬೇಕು. ಯಾವ ನಿಯಮದ ಉಲ್ಲಂಘನೆಯೆಂಬುದನ್ನೂ ಹೇಳಬೇಕು. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳು ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕೆಂದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆ ವಿಧಿಸಿದೆ. ಸ್ಥಾಯಿ ಆದೇಶಗಳಿಲ್ಲದ ಘಟಕವು ದುರ್ನಡತೆಯ ಪಟ್ಟಿಯನ್ನು ಆ ಪತ್ರದೊಡನೆ ಲಗತ್ತಿಸಿ ಸಹಿ ಪಡೆದಿದ್ದರೆ ಈ ಹಂತದಲ್ಲಿ ತೊಡಕಾಗದು. ಆರೋಪಪತ್ರ ಕಾರ್ಮಿಕನಿಗೆ ತಿಳಿಯುವ ಭಾಷೆಯಲ್ಲಿರಬೇಕು. ‘ಕಳ್ಳತನ ಸಾಬೀತಾಗಿದೆ’ ಎಂದು ಅದರಲ್ಲಿ ಬರೆಯಬಾರದು. ಮೊದಲೇ ತೀರ್ಮಾನಿಸಿದ ಮೇಲೆ ನಡೆಯುವ ವಿಚಾರಣೆಗೆ ಬೆಲೆಯಿಲ್ಲ. ಉತ್ತರಕ್ಕೆ ಒಂದು ವಾರದಷ್ಟಾದರೂ ಕಾಲಾವಕಾಶ ಕೊಡುವುದು ಉಚಿತ. ಕಾರ್ಮಿಕನು ಪತ್ರ ಸ್ವೀಕರಿಸಲು ನಿರಾಕರಿಸಿದರೆ ಇಬ್ಬರು ಸಾಕ್ಷಿಗಳ ಮುಂದೆ ಅದನ್ನು ದಾಖಲಿಸಿ, ತಲುಪಿದ ದಾಖಲೆ ಉಳಿಯುವಂತೆ ಅಂಚೆಯ ಮೂಲಕ ಅವನ ವಿಳಾಸಕ್ಕೆ ಕಳುಹಿಸಬೇಕು.

3. ಅಮಾನತು. ಎಲ್ಲ ಪ್ರಕರಣಗಳಲ್ಲಿಯೂ ಅಮಾನತು ಅಗತ್ಯವಲ್ಲ. ಸಾಕ್ಷಿಗಳನ್ನು ಹೆದರಿಸುವ ಅಥವಾ ದಾಖಲೆ ತಿದ್ದುವ ಸಂಭವವಿದ್ದಾಗ ಮಾತ್ರ ಅದನ್ನು ಬಳಸಬೇಕು. ವಿಚಾರಣೆ ಬಾಕಿಯಿರುವಾಗಿನ ಅಮಾನತು ಶಿಕ್ಷೆಯಲ್ಲ. ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಲ್ಲಬೇಕು. ಸ್ಥಾಯಿ ಆದೇಶಗಳು ಅನ್ವಯಿಸುವ ಸಂಸ್ಥೆಗಳಲ್ಲಿ ಮೊದಲ 90 ದಿನಗಳಿಗೆ ವೇತನದ ಶೇಕಡಾ 50ರಷ್ಟನ್ನೂ, ಕಾರ್ಮಿಕನ ತಪ್ಪಿಲ್ಲದೆ ವಿಚಾರಣೆ ಲಂಬಿಸಿದರೆ ಅನಂತರದ ಅವಧಿಗೆ ಶೇಕಡಾ 75ರಷ್ಟನ್ನೂ ಕೊಡಬೇಕು. ವಿಚಾರಣೆಯು ಸಾಮಾನ್ಯವಾಗಿ ಅಮಾನತಿನ ದಿನದಿಂದ 90 ದಿನಗಳೊಳಗೆ ಮುಗಿಯಬೇಕೆಂದೂ ಸಂಹಿತೆ ಹೇಳುತ್ತದೆ. ಕರ್ನಾಟಕವು ಈ ಭತ್ಯೆಗೆಂದೇ 1988ರ ಹೆಸರಿನ ಪ್ರತ್ಯೇಕ ಕಾಯ್ದೆಯನ್ನು ರಚಿಸಿತ್ತೆಂಬುದು ವಿಷಯದ ಮಹತ್ವವನ್ನು ತೋರಿಸುತ್ತದೆ. ಸಣ್ಣ ಘಟಕಗಳೂ ಈ ಪ್ರಮಾಣಕ್ಕೆ ಕಡಮೆಯಿಲ್ಲದಂತೆ, ತಿಂಗಳು ತಪ್ಪದೆ ಭತ್ಯೆ ಕೊಡುವುದು ಕ್ಷೇಮ.

4. ವಿಚಾರಣಾಧಿಕಾರಿ. ದೂರು ಕೊಟ್ಟವನು, ಸಾಕ್ಷಿ ಹೇಳುವವನು ಮತ್ತು ತೀರ್ಮಾನಿಸುವವನು ಒಬ್ಬನೇ ಆಗಬಾರದು. ಡಬ್ಬಿಯನ್ನು ತೆರೆಸಿದ ಮೇಲ್ವಿಚಾರಕ ವಿಚಾರಣಾಧಿಕಾರಿಯಾಗತಕ್ಕವನಲ್ಲ. ಸಣ್ಣ ಘಟಕದಲ್ಲಿ ಮಾಲೀಕನೇ ಎಲ್ಲವನ್ನೂ ನೋಡಿಕೊಳ್ಳುವುದರಿಂದ ಹೊರಗಿನ ವಕೀಲರನ್ನೋ ಅನುಭವಿಗಳನ್ನೋ ನೇಮಿಸಿಕೊಳ್ಳಬಹುದು. ಅವರು ಸಂಸ್ಥೆಯಿಂದ ಶುಲ್ಕ ಪಡೆಯುತ್ತಾರೆಂಬ ಒಂದೇ ಕಾರಣದಿಂದ ವಿಚಾರಣೆ ಕೆಡುವುದಿಲ್ಲ.

5. ವಿಚಾರಣೆ. ಸ್ಥಳ, ದಿನ, ವೇಳೆಗಳನ್ನು ಬರಹದಲ್ಲಿ ತಿಳಿಸಬೇಕು. ಮೊದಲು ಸಂಸ್ಥೆಯ ಸಾಕ್ಷಿಗಳು ಕಾರ್ಮಿಕನ ಎದುರಿನಲ್ಲಿಯೇ ಹೇಳಿಕೆ ಕೊಡಬೇಕು. ಅವರನ್ನು ಪಾಟಿಸವಾಲು ಮಾಡಲು ಕಾರ್ಮಿಕನಿಗೆ ಅವಕಾಶವಿರಬೇಕು. ಸಂಸ್ಥೆಯು ಆಧಾರವಾಗಿಟ್ಟುಕೊಂಡ ಪ್ರತಿಯೊಂದು ಕಾಗದದ ನಕಲೂ ಅವನಿಗೆ ದೊರೆಯಬೇಕು. ಅನಂತರ ಅವನು ತನ್ನ ಹೇಳಿಕೆಯನ್ನೂ ಸಾಕ್ಷಿಗಳನ್ನೂ ಮುಂದಿಡಬೇಕು. ಅವನು ಬಯಸಿದರೆ ಸಹೋದ್ಯೋಗಿಯೊಬ್ಬನ ನೆರವು ಪಡೆಯಲು ಬಿಡಬೇಕು. ಓದುಬರಹ ಕಡಮೆಯಿದ್ದವನಿಗೆ ಈ ನೆರವಿಲ್ಲದಿದ್ದರೆ ಪಾಟಿಸವಾಲಿನ ಹಕ್ಕು ಹೆಸರಿಗೆ ಮಾತ್ರ ಉಳಿಯುತ್ತದೆ. ಪ್ರತಿದಿನದ ನಡಾವಳಿಯನ್ನು ಬರೆದು ಓದಿ ಹೇಳಿ, ಎಲ್ಲರ ಸಹಿ ಪಡೆಯಬೇಕು. ಕಾರಣವಿಲ್ಲದೆ ಅವನು ಗೈರುಹಾಜರಾದರೆ ಇನ್ನೊಂದು ದಿನ ಗೊತ್ತುಪಡಿಸಿ ತಿಳಿಸಬೇಕು. ಆಗಲೂ ಬಾರದಿದ್ದರೆ ಏಕಪಕ್ಷೀಯವಾಗಿ ಮುಂದುವರಿಯಬಹುದು. ಆದರೆ ಏಕಪಕ್ಷೀಯ ವಿಚಾರಣೆಯಲ್ಲಿಯೂ ಸಾಕ್ಷ್ಯ ದಾಖಲಾಗಲೇಬೇಕು. ಬಾರದಿರುವುದು ತಪ್ಪೊಪ್ಪಿಗೆಯಾಗದು.

ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ರುಜುವಾತು ಇಲ್ಲಿ ಬೇಕಿಲ್ಲ. ಯಾವುದು ಹೆಚ್ಚು ಸಂಭವನೀಯವೆಂಬುದನ್ನು ಸಾಕ್ಷ್ಯದಿಂದ ತೂಗಿದರೆ ಸಾಕು. ಪ್ರಾಮಾಣಿಕವಾಗಿ ವಿಚಾರಣೆ ನಡೆಸುವ ಮಾಲೀಕನಿಗೆ ಇದು ದೊಡ್ಡ ಅನುಕೂಲ.

6. ವರದಿ. ವಿಚಾರಣಾಧಿಕಾರಿಯು ಪ್ರತಿ ಆರೋಪದ ಮೇಲೂ ಕಾರಣಸಹಿತ ನಿರ್ಣಯ ಬರೆಯಬೇಕು. ಶಿಕ್ಷೆಯ ತೀರ್ಮಾನ ಅವನದಲ್ಲ. ವರದಿಯ ಪ್ರತಿಯನ್ನು ಕಾರ್ಮಿಕನಿಗೆ ಕೊಟ್ಟು ಅವನ ಅಭಿಪ್ರಾಯವನ್ನು ಪಡೆದ ಮೇಲೆಯೇ ಮಾಲೀಕನು ಮುಂದುವರಿಯಬೇಕು. ಈ ನಿಯಮವು ಸರ್ಕಾರಿ ಸಂಸ್ಥೆಗಳಿಗೂ ಖಾಸಗಿ ಸಂಸ್ಥೆಗಳಿಗೂ ಸಮಾನವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 1993ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

7. ಶಿಕ್ಷೆ. ಶಿಕ್ಷೆಯು ತಪ್ಪಿಗೆ ತಕ್ಕಷ್ಟಿರಬೇಕು. ಎಚ್ಚರಿಕೆ, ವೇತನ ಬಡ್ತಿಯ ತಡೆ, ಕೆಲವು ದಿನಗಳ ಅಮಾನತು ಮುಂತಾದ ಕಿರಿಯ ಶಿಕ್ಷೆಗಳು ನಿಯಮಗಳಲ್ಲಿದ್ದಾಗ ಅವುಗಳನ್ನು ಮೊದಲು ಪರಿಶೀಲಿಸಬೇಕು. ಹದಿನೈದು ವರ್ಷ ಕಳಂಕವಿಲ್ಲದೆ ದುಡಿದವನನ್ನೂ ಮೂರು ಬಾರಿ ಎಚ್ಚರಿಕೆ ಪಡೆದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಹಿಂದಿನ ತಪ್ಪುಗಳನ್ನು ಶಿಕ್ಷೆಗೆ ಆಧಾರ ಮಾಡಿಕೊಳ್ಳುವುದಾದರೆ ಅದನ್ನು ಮೊದಲೇ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕೆಂದು ಮೈಸೂರು ರಾಜ್ಯದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1963ರಷ್ಟು ಹಿಂದೆಯೇ ಹೇಳಿತ್ತು. ಸಂಬಂಧಪಟ್ಟ ಕೈಗಾರಿಕಾ ವಿವಾದವೊಂದು ಸಂಧಾನದಲ್ಲಿ ಅಥವಾ ನ್ಯಾಯಮಂಡಳಿಯಲ್ಲಿ ಬಾಕಿಯಿರುವಾಗ ವಜಾ ಮಾಡುವುದಾದರೆ, ಒಂದು ತಿಂಗಳ ವೇತನ ಕೊಟ್ಟು ಆ ಪ್ರಾಧಿಕಾರದ ಒಪ್ಪಿಗೆಗೆ ಅರ್ಜಿ ಸಲ್ಲಿಸುವುದನ್ನೂ ಮರೆಯಬಾರದು. ಬಾಕಿಯಿರುವ ವಿವಾದಕ್ಕೆ ಸಂಬಂಧಿಸಿದ ದುರ್ನಡತೆಯಾದರೆ ಮುಂಚಿತವಾಗಿಯೇ ಲಿಖಿತ ಅನುಮತಿ ಬೇಕು.

ಲೈಂಗಿಕ ಕಿರುಕುಳದ ದೂರುಗಳಿಗೆ ಈ ದಾರಿ ಅನ್ವಯಿಸುವುದಿಲ್ಲ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯು ಆಂತರಿಕ ಸಮಿತಿಯನ್ನು ರಚಿಸಿರಬೇಕು. ಅಂಥ ದೂರನ್ನು ವಿಚಾರಿಸುವುದು ಆ ಸಮಿತಿಯೇ. ಹತ್ತಕ್ಕಿಂತ ಕಡಮೆ ನೌಕರರಿರುವಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲುತ್ತದೆ.

ವಜಾ ಬೇರೆ, ಕಡಿತ ಬೇರೆ

ಬೇಡಿಕೆ ಕುಸಿದು ಕೆಲಸವಿಲ್ಲದಾಗ ಕಾರ್ಮಿಕರನ್ನು ಕಡಮೆ ಮಾಡುವುದು ಕಡಿತವೆನಿಸುತ್ತದೆಯೇ ಹೊರತು ವಜಾ ಅಲ್ಲ. ಒಂದು ವರ್ಷ ಸತತವಾಗಿ ದುಡಿದವನಿಗೆ ಒಂದು ತಿಂಗಳ ನೋಟೀಸು ಅಥವಾ ಅದರ ವೇತನ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನದಂತೆ ಪರಿಹಾರ, ಇವುಗಳೊಡನೆ ಹೊಸ ಸಂಹಿತೆಯಂತೆ ಮರುಕೌಶಲ ನಿಧಿಗೆ 15 ದಿನಗಳ ವೇತನದಷ್ಟು ವಂತಿಗೆ ಸಲ್ಲಬೇಕು. ಈ ವೆಚ್ಚವನ್ನು ತಪ್ಪಿಸಲು ಕಾರ್ಮಿಕನ ಮೇಲೆ ಸುಳ್ಳು ಆರೋಪ ಹೊರಿಸುವುದು ಅನೈತಿಕ, ಲೆಕ್ಕಾಚಾರದಿಂದಲೂ ಅವಿವೇಕ.

ಲೆಕ್ಕ ತೀರಿಸುವುದು

ಕಾರಣವೇನೇ ಇರಲಿ, ವಜಾ, ಕಡಿತ, ರಾಜೀನಾಮೆ ಯಾವುದಾದರೂ ಎರಡು ಕೆಲಸದ ದಿನಗಳೊಳಗೆ ಬರಬೇಕಾದ ವೇತನವನ್ನು ಕೊಡಬೇಕೆಂದು 2019ರ ವೇತನ ಸಂಹಿತೆ ವಿಧಿಸಿದೆ. ಭವಿಷ್ಯನಿಧಿಯಲ್ಲಿರುವ ಹಣ ಕಾರ್ಮಿಕನ ಸ್ವಂತದ್ದು. ಅದನ್ನು ತಡೆಯುವ ಹಕ್ಕು ಮಾಲೀಕನಿಗಿಲ್ಲ. ವಜಾ ಆದ ಮಾತ್ರಕ್ಕೆ ಉಪದಾನವೂ ತಾನಾಗಿ ಹೋಗುವುದಿಲ್ಲ. ನಷ್ಟ ಉಂಟುಮಾಡಿದಾಗ ಆ ನಷ್ಟದ ಮಟ್ಟಿಗೆ, ಹಿಂಸಾಚಾರ ಅಥವಾ ನೈತಿಕ ಅಧಃಪತನದ ಕೃತ್ಯಕ್ಕಾಗಿ ವಜಾ ಆದಾಗ ಭಾಗಶಃ ಅಥವಾ ಪೂರ್ತಿಯಾಗಿ ಮಾತ್ರ ಅದನ್ನು ಮುಟ್ಟುಗೋಲು ಮಾಡಬಹುದು.

ವಿವಾದ ಉಂಟಾದರೆ

ವಜಾ ಆದ ಕಾರ್ಮಿಕನು ಸಂಧಾನಾಧಿಕಾರಿಯ ಮುಂದೆ ಹೋಗಬಹುದು. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನಕ್ಕೆ ಅವಕಾಶವಿಲ್ಲ. ಅಲ್ಲಿ ಬಗೆಹರಿಯದಿದ್ದರೆ ನ್ಯಾಯಮಂಡಳಿಯ ದಾರಿ ತೆರೆದಿದೆ. ಶಿಕ್ಷೆ ಅತಿಯಾಯಿತೆಂದು ಕಂಡರೆ ಅದನ್ನು ಕಡಮೆ ಮಾಡುವ, ವಜಾ ರದ್ದುಪಡಿಸಿ ಪುನರ್ನೇಮಕಕ್ಕೆ ಆದೇಶಿಸುವ ಅಧಿಕಾರ ಅದಕ್ಕಿದೆ. ವಿಚಾರಣೆ ದೋಷಯುಕ್ತವಾಗಿದ್ದಾಗ ನ್ಯಾಯಮಂಡಳಿಯ ಮುಂದೆಯೇ ಸಾಕ್ಷ್ಯ ಒದಗಿಸಿ ಆರೋಪ ರುಜುಪಡಿಸುವ ಅವಕಾಶವನ್ನು ಸರ್ವೋಚ್ಚ ನ್ಯಾಯಾಲಯ 1973ರ ಫೈರ್‌ಸ್ಟೋನ್ ಟೈರ್ ಪ್ರಕರಣದಲ್ಲಿ ಮಾಲೀಕರಿಗೆ ಎತ್ತಿಹಿಡಿದಿದೆ. ಆದರೆ ವರ್ಷಗಳ ಬಳಿಕ ಕಾವಲುಗಾರ ಬೇರೆ ಕಡೆಗೆ ಹೋಗಿರುತ್ತಾನೆ, ಹಿತ್ತಾಳೆಯ ತುಣುಕುಗಳು ಕಾಣೆಯಾಗಿರುತ್ತವೆ, ಸಾಕ್ಷಿಗಳ ನೆನಪು ಮಸುಕಾಗಿರುತ್ತದೆ. ಅನ್ಯಾಯದ ವಜಾ ಪ್ರಕರಣಗಳಲ್ಲಿ ಬಾಕಿ ವೇತನಸಹಿತ ಪುನರ್ನೇಮಕವೇ ಸಾಮಾನ್ಯ ನಿಯಮವೆಂದು ಅದೇ ನ್ಯಾಯಾಲಯ 2013ರಲ್ಲಿ ಹೇಳಿರುವುದನ್ನೂ ನೆನಪಿಡಬೇಕು.

ಒಂದು ಸರಳ ಲೆಕ್ಕ ನೋಡಬಹುದು. ತಿಂಗಳಿಗೆ 18,000 ರೂಪಾಯಿ ವೇತನದ ಕಾರ್ಮಿಕನನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟು ವಿಚಾರಣೆ ನಡೆಸಿದರೆ ತೆರಬೇಕಾದ ಭತ್ಯೆ 27,000 ರೂಪಾಯಿ. ವಿಚಾರಣೆಯಿಲ್ಲದೆ ತೆಗೆದು, ಐದು ವರ್ಷಗಳ ಬಳಿಕ ಪೂರ್ಣ ಬಾಕಿಯೊಡನೆ ಮರಳಿ ತೆಗೆದುಕೊಳ್ಳಬೇಕಾದರೆ ಮೊತ್ತ 10,80,000 ರೂಪಾಯಿ; ವಕೀಲರ ಶುಲ್ಕ ಇದರಲ್ಲಿ ಸೇರಿಲ್ಲ. ಆ ಐದು ವರ್ಷ ಕಾರ್ಮಿಕನ ಮನೆಯಲ್ಲಿ ನಿಂತುಹೋದ ಓದು, ಬೆಳೆದ ಸಾಲಗಳಂತೂ ಯಾವ ಲೆಕ್ಕಪುಸ್ತಕದಲ್ಲಿಯೂ ಬರುವುದಿಲ್ಲ.

ಉದ್ಯಮಿಗಳು ಇಂದೇ ಕೈಗೊಳ್ಳಬಹುದಾದ ಕ್ರಮಗಳು ಹೆಚ್ಚೇನಿಲ್ಲ. ಎಲ್ಲರಿಗೂ ನೇಮಕಾತಿ ಪತ್ರ ಕೊಡುವುದು; ದುರ್ನಡತೆ ಮತ್ತು ಶಿಕ್ಷೆಗಳ ನಿಯಮಗಳನ್ನು ಕನ್ನಡದಲ್ಲಿ ಬರೆದು ಫಲಕದಲ್ಲಿ ಹಾಕುವುದು; ಹಾಜರಿ ಪುಸ್ತಕ, ಎಚ್ಚರಿಕೆ ಪತ್ರಗಳನ್ನು ವ್ಯವಸ್ಥಿತವಾಗಿ ಇಡುವುದು; ಸಿಟ್ಟಿನ ದಿನ ಯಾವ ಆದೇಶಕ್ಕೂ ಸಹಿ ಹಾಕದಿರುವುದು. ತನ್ನ ಮಾತನ್ನು ಕೇಳಿ ತೀರ್ಮಾನಿಸಿದರೆಂಬ ನಂಬಿಕೆ ಶಿಕ್ಷೆ ಪಡೆದವನಿಗಿಂತಲೂ, ಅದನ್ನು ನೋಡುತ್ತ ದುಡಿಯುತ್ತಿರುವ ಉಳಿದ 39 ಮಂದಿಗೆ ಮುಖ್ಯ. ಕಾರ್ಖಾನೆಯ ಶಿಸ್ತು ಕೊನೆಗೆ ನಿಲ್ಲುವುದು ಆ ನಂಬಿಕೆಯ ಮೇಲೆಯೇ.